ಗಂಟಲನ್ನು ಯಾರೂ ಕೇಳಲಿಲ್ಲ

ನನಗೆ ಪಾರ್ಕಿನ್ಸನ್ ಕಾಯಿಲೆ ಎಂದು ಗೊತ್ತಾದಾಗಿನಿಂದ ಎಲ್ಲರೂ ನೋಡಿದ್ದು ನನ್ನ ಕೈಯನ್ನು. ಡಾಕ್ಟರು ಹೆಬ್ಬೆರಳಿಗೆ ತೋರುಬೆರಳು ತಟ್ಟಿಸಿ ನೋಡುತ್ತಿದ್ದರು, ಎಬ್ಬಿಸಿ ಬಾಗಿಲವರೆಗೆ ನಡೆಸುತ್ತಿದ್ದರು, ಹಿಂದೆ ನಿಂತು ಭುಜ ಹಿಡಿದೆಳೆದು ನಾನು ವಾಲುತ್ತೇನೋ ಸಾವರಿಸಿಕೊಳ್ಳುತ್ತೇನೋ ಎಂದು ಪರೀಕ್ಷಿಸುತ್ತಿದ್ದರು. ನೆಂಟರು ಬಂದರೆ ಸೆರಗಿನೊಳಗೆ ಮರೆಮಾಡಿದ ಬಲಗೈಯನ್ನೇ ಹುಡುಕುತ್ತಿದ್ದರು. ಮಾತ್ರೆ ಏರಿಸಿದ್ದು ಇಳಿಸಿದ್ದು ಎಲ್ಲವೂ ಕೈಕಾಲಿನ ಲೆಕ್ಕದಲ್ಲೇ. ನುಂಗಲು ಕಷ್ಟವಾಗುತ್ತದೆಯೇ ಎಂದು ವರ್ಷಗಟ್ಟಲೆ ಒಬ್ಬರೂ ಕೇಳಲಿಲ್ಲ. ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆಯ ಬಗ್ಗೆ ಪುಸ್ತಕ ಬರೆದಾಗಲೇ ತುತ್ತು ಬಾಯಲ್ಲಿ ನಿಲ್ಲದಿರುವುದು, ನುಂಗಲು ಒದ್ದಾಡುವುದು, ಜೊಲ್ಲು ಸುರಿಯುವುದು ಎಲ್ಲವನ್ನೂ ಹೇಳಿದ್ದರು ಎಂದು ಆಮೇಲೆ ತಿಳಿದಾಗ ನನಗೆ ಸಿಟ್ಟೇ ಬಂತು. ಇನ್ನೂರು ವರ್ಷದ ಹಿಂದೆ ಒಬ್ಬ ಕಂಡದ್ದನ್ನು ಈಗಿನವರು ಒಂದು ಮಾತು ಕೇಳಬಾರದೆ?

ನಮ್ಮದು ಮಂಡ್ಯ ಜಿಲ್ಲೆಯ ಹಳ್ಳಿ. ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದೆ. ಹಾಜರಿ ಪುಸ್ತಕದಲ್ಲಿ ನನ್ನ ಅಕ್ಷರ ಸಾಲಿನ ಕೊನೆಗೆ ಹೋಗುತ್ತ ಇರುವೆಯಷ್ಟಾಗುತ್ತಿದ್ದುದನ್ನು ನೋಡಿ ಹೆಡ್‌ಮೇಷ್ಟ್ರೇ ಮೊದಲು ಡಾಕ್ಟರ ಹತ್ತಿರ ಹೋಗಿ ಎಂದವರು. ಅಲ್ಲಿಂದ ಮಾತ್ರೆ ಶುರುವಾಯಿತು. ಮಾತ್ರೆಯ ಬಲದಲ್ಲಿ ಕೆಲಸ ಮುಗಿಸಿ ನಿವೃತ್ತಳಾದೆ, ಮೊಮ್ಮಗನನ್ನು ಎತ್ತಿ ಆಡಿಸಿದೆ, ಅಡುಗೆಮನೆಯನ್ನೂ ಬಿಟ್ಟುಕೊಡಲಿಲ್ಲ.

ಅಡುಗೆಮನೆಯ ವಿಷಯ ಹೇಳಲೇಬೇಕು, ಏಕೆಂದರೆ ನನ್ನ ಕಾಯಿಲೆ ಮರೆಯಾಗಿ ಬೆಳೆದದ್ದು ಅಲ್ಲೇ. ನಮ್ಮ ಕಡೆ ಮನೆಯ ಹೆಂಗಸು ಎಲ್ಲರಿಗೂ ಬಡಿಸಿ, ಪಾತ್ರೆಯಲ್ಲಿ ಏನುಳಿದಿದೆ ನೋಡಿ, ಕೊನೆಗೆ ಒಲೆಯ ಪಕ್ಕ ಕೂತು ಉಣ್ಣುತ್ತಾಳೆ. ನಾನೂ ಹಾಗೇ ಉಂಡವಳು. ಸೊಸೆ ಬೆಳಗ್ಗೆಯೇ ಡಬ್ಬಿ ಕಟ್ಟಿಕೊಂಡು ಕೆಲಸಕ್ಕೆ ಹೊರಡುತ್ತಾಳೆ, ಯಜಮಾನರು ಮುದ್ದೆ ಉಂಡು ತೋಟಕ್ಕೆ ಹೋಗುತ್ತಾರೆ. ಒಂದು ಮುದ್ದೆಗೆ ನಾನು ಎಷ್ಟು ಹೊತ್ತು ತೆಗೆದುಕೊಳ್ಳುತ್ತೇನೆ, ಎಷ್ಟು ಸಲ ಕೆಮ್ಮುತ್ತೇನೆ, ಎಷ್ಟನ್ನು ದನದ ಕಲಗಚ್ಚಿಗೆ ಹಾಕುತ್ತೇನೆ ಎಂದು ಕಾಣುವ ಕಣ್ಣೇ ಅಲ್ಲಿರಲಿಲ್ಲ. ಗಂಡಸರಿಗೆ ಈ ತೊಂದರೆ ಬಂದರೆ ಮನೆಯವರೆಲ್ಲ ನೋಡುತ್ತಾರೆ, ಮೊದಲ ತುತ್ತು ಗಂಟಲಲ್ಲಿ ಸಿಕ್ಕಿಕೊಂಡಾಗಲೇ ಗದ್ದಲವಾಗುತ್ತದೆ. ಕೊನೆಗೆ ಒಬ್ಬಳೇ ಉಣ್ಣುವವಳ ಗಂಟಲು ಯಾರಿಗೂ ಕೇಳಿಸುವುದಿಲ್ಲ. ಈ ಮಾತನ್ನು ಓದುವ ಗಂಡುಮಕ್ಕಳು ಇವತ್ತು ರಾತ್ರಿ ತಮ್ಮ ತಾಯಿ ಉಣ್ಣುವಾಗ ಪಕ್ಕದಲ್ಲಿ ಕೂರಬೇಕೆಂದು ಕೇಳಿಕೊಳ್ಳುತ್ತೇನೆ.

ಮೊದಲು ಕೆಟ್ಟದ್ದು ಗಂಟಲಲ್ಲ, ನಾಲಗೆ. ತುತ್ತು ನಾಲಗೆಯ ಹಿಂದಕ್ಕೆ ಹೋಗುತ್ತಿತ್ತು, ಅಲ್ಲಿಂದ ಮುಂದಕ್ಕೆ ಬರುತ್ತಿತ್ತು, ಮತ್ತೆ ಹಿಂದಕ್ಕೆ. ನುಂಗಬೇಕು ಎಂದು ಮನಸ್ಸು ಹೇಳುತ್ತದೆ, ಬಾಯಿ ಶುರುಮಾಡುವುದಿಲ್ಲ. ಹೊಸಿಲು ಕಂಡ ಕೂಡಲೇ ನನ್ನ ಪಾದ ನೆಲಕ್ಕೆ ಅಂಟಿಕೊಂಡು, ಚಿಕ್ಕಚಿಕ್ಕ ಹೆಜ್ಜೆಯಲ್ಲಿ ಅಲ್ಲೇ ತಡವರಿಸುತ್ತದಲ್ಲ, ನಾಲಗೆಗೂ ಅದೇ ಆಗಿತ್ತು. ಹಬ್ಬದ ದಿನ ಎಲ್ಲರ ಜೊತೆ ಕೂತಾಗ ಯಜಮಾನರು ಒಮ್ಮೆ, "ಯಾಕಮ್ಮಿ, ಇನ್ನೂ ಬಾಯಲ್ಲೇ ಮಡಿಕ್ಕೊಂಡಿದ್ದೀಯ? ನುಂಗು" ಎಂದರು. ಪ್ರೀತಿಯಿಂದಲೇ ಅಂದದ್ದು. ನುಂಗುವುದು ಒಂದು ಕೆಲಸ, ಅದನ್ನು ಮಾಡಬೇಕಾಗುತ್ತದೆ ಎಂದು ಆರೋಗ್ಯವಂತರಿಗೆ ಹೇಗೆ ಗೊತ್ತಾಗಬೇಕು?

ನಮ್ಮವರು ಮುದ್ದೆಯನ್ನು ಅಗಿಯುವುದಿಲ್ಲ. ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸಿ ಹಾಗೆಯೇ ನುಂಗುತ್ತೇವೆ. ಹುಟ್ಟಿದಾರಭ್ಯ ನನ್ನ ಗಂಟಲು ಕಲಿತ ವಿದ್ಯೆ ಅದು. ಅದು ಸಿಕ್ಕಿಕೊಳ್ಳತೊಡಗಿದಾಗ ನಾನು ಮುದ್ದೆ ಬಿಟ್ಟು ಅನ್ನಕ್ಕೆ ಬಂದೆ. ತೆಳ್ಳಗೆ ಬಸ್ಸಾರು ಹಾಕಿಕೊಂಡು ಅನ್ನ ಉಂಡರೆ ಸಲೀಸಾಗಿ ಇಳಿಯುತ್ತದೆ ಎಂದು ಎಲ್ಲರೂ ಹೇಳಿದರು. ನೆತ್ತಿಗೇರಿ ಕೆಮ್ಮಿದರೆ ತಲೆ ತಟ್ಟಿ, ಯಾರೋ ನೆನೆಸಿಕೊಂಡರು ಅಂದರು. ಚೊಂಬು ಎತ್ತಿ ನೀರು ಹೊಯ್ದುಕೊಳ್ಳುವುದು ನಮ್ಮ ಮನೆಯ ರೂಢಿ. ತಲೆ ಹಿಂದಕ್ಕೆ ಚೆಲ್ಲಿ ಕುಡಿಯುವಾಗ ಉಸಿರಿನ ದಾರಿ ತೆರೆದುಕೊಳ್ಳುತ್ತದೆ, ನೀರು ಗಂಟಲಿನ ಸಿದ್ಧತೆಗೆ ಕಾಯದೆ ಒಳನುಗ್ಗುತ್ತದೆ. ದೇವಸ್ಥಾನದಲ್ಲಿ ಅಂಗೈಯ ತೀರ್ಥ ಕುಡಿದು ಗರ್ಭಗುಡಿಯ ಮುಂದೆಯೇ ಉಸಿರು ಸಿಕ್ಕಿಕೊಂಡಿತ್ತು. ಅಷ್ಟೇ ಅಷ್ಟು ನೀರು.

ಆಮೇಲೆ ಜೊಲ್ಲು. ಬೆಳಗ್ಗೆ ದಿಂಬು ಒದ್ದೆ, ಹಗಲು ಕೈಯಲ್ಲಿ ಕರ್ಚೀಫು. ಆರೋಗ್ಯವಂತರ ಬಾಯಲ್ಲೂ ದಿನಕ್ಕೆ ಸುಮಾರು ಒಂದರಿಂದ ಒಂದೂವರೆ ಲೀಟರ್ ಜೊಲ್ಲು ಊರುತ್ತದಂತೆ. ಅದನ್ನು ಅವರು ತಮಗರಿವಿಲ್ಲದೆ ನುಂಗುತ್ತಿರುತ್ತಾರೆ. ನನ್ನ ಬಾಯಲ್ಲಿ ಜೊಲ್ಲು ಹೆಚ್ಚಾಗಿರಲಿಲ್ಲ, ನುಂಗುವುದು ಕಡಿಮೆಯಾಗಿತ್ತು. ಮೂವತ್ತು ವರ್ಷ ಮಕ್ಕಳಿಗೆ ಬಾಯಿ ಒರೆಸಿಕೊಳ್ಳಿ ಎಂದು ಹೇಳಿಕೊಟ್ಟವಳು ನಾನು. ಬೀಗರೂಟಕ್ಕೆ ಹೋಗುವುದನ್ನು ನಿಲ್ಲಿಸಿದೆ. ಕಾಲು ನೋವು ಎಂದು ಹೇಳಿ ಕಳಿಸುತ್ತಿದ್ದೆ.

ಎದೆಯ ತೊಂದರೆಯೂ ಜೊತೆಗೇ ಇತ್ತು. ನುಂಗಿದ್ದು ಗಂಟಲು ದಾಟಿ, ಎದೆಗೂಡಿನ ನಡುವೆ ಬಂದು ನಿಂತುಬಿಡುತ್ತಿತ್ತು. ಬೆರಳಿಟ್ಟು ತೋರಿಸಬಹುದಾದಷ್ಟು ಸ್ಪಷ್ಟವಾಗಿ ಇಲ್ಲಿದೆ ಎಂದು ಗೊತ್ತಾಗುತ್ತಿತ್ತು. ರಾತ್ರಿ ಮಲಗಿದರೆ ಹುಳಿಯಾಗಿ ಬಾಯಿಗೆ ಬರುತ್ತಿತ್ತು. ನಮ್ಮಲ್ಲಿ ಎದೆಯಲ್ಲಿ ಏನೇ ಆದರೂ ಅದಕ್ಕೆ ಗ್ಯಾಸ್ಟ್ರಿಕ್ ಎಂದೇ ಹೆಸರು. ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ ಕೊಟ್ಟರು. ಎಂಡೋಸ್ಕೋಪಿ ಮಾಡಿ, ಗಡ್ಡೆಯಿಲ್ಲ, ಹುಣ್ಣಿಲ್ಲ, ಎಲ್ಲ ಚೆನ್ನಾಗಿದೆ ಎಂದರು. ಕೊಳವೆ ಚೆನ್ನಾಗಿಯೇ ಇತ್ತು. ಅದು ಅಲುಗಾಡುವುದು ಚೆನ್ನಾಗಿರಲಿಲ್ಲ. ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳ ಮೇಲಿಂದ ಕೆಳಕ್ಕೆ ಅಲೆಯಂತೆ ಹಿಂಡಿಕೊಂಡು ತುತ್ತನ್ನು ಜಠರಕ್ಕೆ ತಳ್ಳಬೇಕು, ನನ್ನದು ಅರ್ಧದಲ್ಲೇ ಸುಸ್ತಾಗುತ್ತಿತ್ತು. ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆದಾಗ ಬಿಳಿಯ ದ್ರವ ನಡುವೆ ನಿಂತು, ಸ್ವಲ್ಪ ಮೇಲಕ್ಕೂ ಬಂದು, ಮತ್ತೆ ನಿಧಾನವಾಗಿ ಇಳಿದದ್ದು ಕಂಡಿತು. 1912ರಲ್ಲಿ ಫ್ರೆಡ್ರಿಕ್ ಲೆವಿ ಎಂಬ ಜರ್ಮನ್ ವೈದ್ಯ ಈ ರೋಗಿಗಳ ಮೆದುಳಿನ ಕೋಶಗಳಲ್ಲಿ ಪ್ರೋಟೀನಿನ ಗಂಟುಗಳನ್ನು ಕಂಡಿದ್ದರು. ಅದೇ ಗಂಟುಗಳು ಅನ್ನನಾಳದ ಗೋಡೆಯೊಳಗಿನ ನರಗಳಲ್ಲೂ ಇರುತ್ತವೆ ಎಂದು 1980ರ ದಶಕದಲ್ಲಿ ಗೊತ್ತಾಯಿತಂತೆ. ನರರೋಗದ ಡಾಕ್ಟರು ಇದನ್ನು ಕಾಗದದ ಮೇಲೆ ಚಿತ್ರ ಬರೆದು ತಿಳಿಸಿದಾಗ ನನಗಾದ ಸಮಾಧಾನ ದೊಡ್ಡದು. ಅಲ್ಲಿಯವರೆಗೆ ಇದೆಲ್ಲ ನನ್ನ ಮನಸ್ಸಿನ ಭ್ರಮೆ ಎಂಬಂತೆ ಜನ ನೋಡುತ್ತಿದ್ದರು.

ಆದರೆ ಆ ಎಕ್ಸ್‌ರೇಗೆ ಮುಂಚೆ ಆಸ್ಪತ್ರೆ ಕಾಣಬೇಕಾಯಿತು. ಸಂಜೆಯ ಹೊತ್ತು ಜ್ವರ, ಮೈಯೆಲ್ಲ ನಿತ್ರಾಣ, ಸೀರೆ ಕಟ್ಟಿದರೆ ಸೊಂಟದಲ್ಲಿ ನಿಲ್ಲದಷ್ಟು ತೂಕ ಇಳಿದಿತ್ತು. ಒಂದು ರಾತ್ರಿ ಉಸಿರಾಡಲಾಗದೆ ಎದ್ದು ಕೂತೆ. ಬಲ ಶ್ವಾಸಕೋಶದ ಕೆಳಭಾಗದಲ್ಲಿ ನ್ಯುಮೋನಿಯಾ. ಬಲಗಡೆಯ ಗಾಳಿಕೊಳವೆ ಎಡಗಡೆಯದಕ್ಕಿಂತ ಅಗಲ, ಹೆಚ್ಚು ನೇರ. ಜಾರಿದ್ದು ಅಲ್ಲಿಗೇ ಹೋಗುವುದು ಹೆಚ್ಚು. ಆಕ್ಸಿಜನ್ ಹಾಕಿದರು, ಮೂಗಿನಿಂದ ರೈಲ್ಸ್ ಟ್ಯೂಬ್ ಇಳಿಸಿದರು.

ಬಾಯಿಗೆ ಏನೂ ಕೊಡಬಾರದು ಎಂದು ಕೇಸ್ ಶೀಟಿನಲ್ಲಿ ಬರೆದರು. ಆ ಏನೂ ಎಂಬುದರೊಳಗೆ ನನ್ನ ಪಾರ್ಕಿನ್ಸನ್ ಮಾತ್ರೆಯೂ ಸೇರಿಹೋಯಿತು. ಆ ಮಾತ್ರೆ, ಲೆವೊಡೋಪ, ನಿಂತರೆ ನಾನು ಮರದ ಕೊರಡು. ಕುತ್ತಿಗೆ ತಿರುಗುವುದಿಲ್ಲ, ದವಡೆ ಬಿಚ್ಚುವುದಿಲ್ಲ, ಜೊಲ್ಲನ್ನೂ ನುಂಗಲಾಗುವುದಿಲ್ಲ. ನುಂಗಲಾಗುವುದಿಲ್ಲವೆಂದು ಮಾತ್ರೆ ನಿಲ್ಲಿಸಿದರು, ಮಾತ್ರೆ ನಿಂತದ್ದರಿಂದ ಇನ್ನಷ್ಟು ನುಂಗಲಾಗದಂತಾಯಿತು. ಮಾತಾಡಲು ಬಾಯಿ ಬರುತ್ತಿರಲಿಲ್ಲ, ಎಲ್ಲ ಕೇಳಿಸುತ್ತಿತ್ತು. ವಾರ್ಡಿನಲ್ಲಿ ಒಬ್ಬರು, ಅಜ್ಜಿಗೆ ಪ್ರಜ್ಞೆ ಇಲ್ಲ ಅಂದದ್ದೂ ಕೇಳಿಸಿತು. ಸೊಸೆ ನನ್ನ ಕಣ್ಣು ನೋಡಿದಳು. "ಅತ್ತೆಗೆ ಮಾತ್ರೆ ಯಾಕೆ ಕೊಟ್ಟಿಲ್ಲ?" ಎಂದು ಹಟ ಹಿಡಿದು ನಿಂತಳು, ಬೆಂಗಳೂರಿನ ನರರೋಗದ ಡಾಕ್ಟರಿಗೆ ಫೋನು ಮಾಡಿ ಡ್ಯೂಟಿ ಡಾಕ್ಟರ ಕೈಗೇ ಕೊಟ್ಟಳು. ಸಾದಾ ಮಾತ್ರೆಯನ್ನು ನೀರಿನಲ್ಲಿ ಕರಗಿಸಿ ಟ್ಯೂಬಿನಲ್ಲಿ ಹಾಕಬಹುದು, ನಿಧಾನವಾಗಿ ಬಿಡುಗಡೆಯಾಗುವ ಸಿ.ಆರ್. ಮಾತ್ರೆಯನ್ನು ಮಾತ್ರ ಪುಡಿಮಾಡಬಾರದು ಎಂದು ಅವರು ತಿಳಿಸಿದರು. ವಾಂತಿಗೆಂದು ಬರೆದಿದ್ದ ಮೆಟೊಕ್ಲೊಪ್ರಮೈಡ್ ಇಂಜೆಕ್ಷನ್ನನ್ನೂ ನಿಲ್ಲಿಸಿದರು. ಅದು ಮೆದುಳಿನಲ್ಲಿ ಡೋಪಮಿನ್ನಿಗೆ ಅಡ್ಡ ನಿಂತು ಪಾರ್ಕಿನ್ಸನ್ನನ್ನು ಹೆಚ್ಚಿಸುವ ಔಷಧ. ಮಾತ್ರೆ ನಿಲ್ಲಿಸಬಾರದು, ಈ ಇಂಜೆಕ್ಷನ್ ಕೊಡಬಾರದು ಎಂಬ ಎರಡು ವಿಷಯ ಪ್ರತಿ ಪಾರ್ಕಿನ್ಸನ್ ರೋಗಿಯ ಮನೆಯಲ್ಲಿ ಗೋಡೆಯ ಮೇಲೆ ಬರೆದಿರಬೇಕು ಎಂಬುದು ನನ್ನ ಅಭಿಪ್ರಾಯ. ನನ್ನ ಸೊಸೆಯಂಥವಳು ಎಲ್ಲರಿಗೂ ಇರುವುದಿಲ್ಲ.

ಚೇತರಿಸಿಕೊಂಡ ಮೇಲೆ ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದೆವು. ಮಾತು ಬಾರದ ಮಕ್ಕಳನ್ನು ಕರೆದುಕೊಂಡು ಹೋಗುವ ಜಾಗ ಎಂದಷ್ಟೇ ನನಗೆ ಗೊತ್ತಿತ್ತು. ನಮ್ಮ ಶಾಲೆಯಿಂದಲೂ ಒಂದೆರಡು ಮಕ್ಕಳನ್ನು ಕಳಿಸಿದ್ದೆ. ಮಾತಾಡುವ ಅಂಗಗಳೇ ನುಂಗುವ ಅಂಗಗಳೂ ಆದ್ದರಿಂದ ನುಂಗುವ ತೊಂದರೆಯನ್ನೂ ಇವರೇ ನೋಡುತ್ತಾರೆ. ನನ್ನನ್ನು ನೋಡಿದ ಹುಡುಗಿಗೆ ನನ್ನ ಮಗಳ ವಯಸ್ಸೂ ಇರಲಿಲ್ಲ. ಅವಳು ಕೇಳಿದ ಮೊದಲ ಪ್ರಶ್ನೆ, "ಅಮ್ಮಾ, ನೀವು ಮನೇಲಿ ಏನು ಊಟ ಮಾಡ್ತೀರ? ಪರೀಕ್ಷೆಗೆ ಅದನ್ನೇ ತಗೊಂಡು ಬನ್ನಿ."

ಸೊಸೆ ಡಬ್ಬಿಯಲ್ಲಿ ಮುದ್ದೆ, ಬಸ್ಸಾರು, ಮಸ್ಸೊಪ್ಪು, ಅನ್ನ ತಂದಳು. ಮೂಗಿನಿಂದ ಸಣ್ಣ ಕ್ಯಾಮೆರಾ ಕೊಳವೆಯನ್ನು ಗಂಟಲ ಮೇಲ್ಭಾಗದವರೆಗೆ ಇಳಿಸಿದರು. ಕಣ್ಣಲ್ಲಿ ನೀರು ಬರುತ್ತದೆ, ನೋವೇನೂ ಇಲ್ಲ. ಗುಲಾಬಿ ಬಣ್ಣದ ಗಂಟಲಿನಲ್ಲಿ ಎದ್ದು ಕಾಣಲೆಂದು ಊಟಕ್ಕೆ ಹಸಿರು ಬಣ್ಣ ಬೆರೆಸಿ ಒಂದೊಂದೇ ಚಮಚ ಕೊಟ್ಟರು. ನುಂಗುವ ಕ್ಷಣದಲ್ಲಿ ಗಂಟಲು ಮುಚ್ಚಿಕೊಂಡು ಪರದೆ ಪೂರ್ತಿ ಬೆಳ್ಳಗಾಗುತ್ತದೆ, ಆ ಕ್ಷಣದ ಮೊದಲು ಮತ್ತು ಆಮೇಲೆ ಏನಿದೆ ಎಂಬುದರಿಂದಲೇ ತಿಳಿಯಬೇಕು. ಅವಳು ಆಮೇಲೆ ವಿಡಿಯೋ ನಿಲ್ಲಿಸಿ ನಿಲ್ಲಿಸಿ ತೋರಿಸಿದಳು. ಆರೋಗ್ಯವಂತರಲ್ಲಿ ತುತ್ತು ಬರುತ್ತಿದ್ದಂತೆ ಧ್ವನಿಪೆಟ್ಟಿಗೆ ಮೇಲಕ್ಕೆದ್ದು, ಅದರ ಮುಚ್ಚಳ ಬಾಗಿ, ಧ್ವನಿತಂತುಗಳು ಬಿಗಿದು, ಅನ್ನನಾಳದ ಬಾಯಿ ತೆರೆದು ಎಲ್ಲವೂ ಸುಮಾರು ಒಂದು ಸೆಕೆಂಡಿನಲ್ಲಿ ಮುಗಿಯುತ್ತದೆ. ನನ್ನಲ್ಲಿ ಬಸ್ಸಾರು ಆ ಕೆಲಸ ಶುರುವಾಗುವ ಮುಂಚೆಯೇ ಹರಿದುಬಂದಿತ್ತು. ಬೆಳ್ಳಗಾದ ಪರದೆ ತಿಳಿಯಾದಾಗ ಧ್ವನಿತಂತುಗಳ ಕೆಳಗೆ ಒಂದು ಹಸಿರು ಗೆರೆ.

ನಾನು ಕೆಮ್ಮಿರಲಿಲ್ಲ.

ಅದನ್ನು ಎರಡು ಮೂರು ಸಲ ತೋರಿಸಿದಳು. ಹಿಂದೆ ಕೆಮ್ಮುತ್ತಿದ್ದವಳಿಗೆ ಈಚೆಗೆ ಕೆಮ್ಮು ಕಡಿಮೆಯಾಗಿತ್ತು. ಮನೆಯವರೆಲ್ಲ ವಾಸಿಯಾಗುತ್ತಿದೆ ಎಂದು ಸಂತೋಷಪಟ್ಟಿದ್ದರು. ವಾಸಿಯಾಗಿರಲಿಲ್ಲ, ಗಂಟಲಿಗೆ ಸ್ಪರ್ಶ ತಿಳಿಯುವುದು ಕುಂದಿತ್ತು. ಪ್ರತಿ ಊಟದಲ್ಲೂ ಸ್ವಲ್ಪ ಸಾರು ಸದ್ದಿಲ್ಲದೆ ಶ್ವಾಸಕೋಶ ಸೇರುತ್ತಿತ್ತು. ಪಾರ್ಕಿನ್ಸನ್ ರೋಗಿಗಳ ಸಾವಿಗೆ ಮುಖ್ಯ ಕಾರಣಗಳಲ್ಲಿ ಹೀಗೆ ಬರುವ ನ್ಯುಮೋನಿಯಾವೂ ಒಂದು.

ಮುದ್ದೆಯ ವಿಷಯ ಬೇರೆಯೇ ಇತ್ತು. ಮಸ್ಸೊಪ್ಪಿನಲ್ಲಿ ನೆನೆಸಿದ ಚಿಕ್ಕ ತುಣುಕು ಚೆದುರದೆ, ಒಂದೇ ಉಂಡೆಯಾಗಿ ಬಂದು, ನಿಧಾನವಾಗಿ ಆದರೂ ಸರಿಯಾದ ದಾರಿಯಲ್ಲೇ ಇಳಿಯಿತು. ನಾಲಗೆಯ ಬುಡದ ಗುಳಿಗಳಲ್ಲಿ ಸ್ವಲ್ಪ ಮೆತ್ತಿಕೊಂಡಿತು, ಇನ್ನೊಮ್ಮೆ ಬಲವಾಗಿ ನುಂಗಿದಾಗ ಹೋಯಿತು. ಎಲ್ಲಕ್ಕಿಂತ ಕೆಟ್ಟದ್ದು ತೆಳು ಸಾರಿನ ಅನ್ನ: ನೀರು ಒಂದು ಕಡೆ ಓಡುತ್ತದೆ, ಅಗುಳು ಇನ್ನೊಂದು ಕಡೆ ಉಳಿಯುತ್ತದೆ. ಸುಲಭವೆಂದು ನಾನು ನಂಬಿ ಉಂಡದ್ದು ಅದನ್ನೇ. ಇನ್ನೂ ಒಂದು ಕಂಡಿತು. ಬೆಳಗ್ಗೆ ನುಂಗಿದ್ದ ಮಾತ್ರೆಯ ಚೂರು ಅದೇ ಗುಳಿಯಲ್ಲಿ ಕೂತಿತ್ತು. ಲೆವೊಡೋಪ ಸಣ್ಣಕರುಳಿಗೆ ತಲುಪಿದರೆ ತಾನೇ ಕೆಲಸ ಮಾಡುವುದು. ಕೆಲವು ದಿನ ಮಾತ್ರೆ ಹಿಡಿಯುವುದೇ ಇಲ್ಲ ಎಂದು ನಾನು ಹೇಳುತ್ತಿದ್ದುದಕ್ಕೆ ಉತ್ತರ ಅಲ್ಲಿತ್ತು.

ಇದು ನನ್ನ ಗಂಟಲಿನ ಕಥೆ. ಇನ್ನೊಬ್ಬರಿಗೆ ಮುದ್ದೆಯೇ ಅಪಾಯವಾಗಬಹುದು, ದೊಡ್ಡ ತುತ್ತು ಯಾರ ಉಸಿರನ್ನಾದರೂ ಕಟ್ಟಬಹುದು. ಪರೀಕ್ಷೆ ಮಾಡಿಸದೆ ನನ್ನನ್ನು ನೋಡಿ ಯಾರೂ ಮುದ್ದೆ ನುಂಗಬಾರದು.

ಈಗ ನನ್ನ ಊಟ ಹೀಗಿದೆ. ಮಾತ್ರೆಯನ್ನು ಒಂದು ಚಮಚ ಹಣ್ಣಿನ ತಿರುಳಿನಲ್ಲಿಟ್ಟು ನುಂಗಿ, ಅರ್ಧ ಗಂಟೆಯ ಮೇಲೆ, ಅದರ ಬಲ ಮೈಗೆ ಬಂದಾಗ ಉಣ್ಣುತ್ತೇನೆ. ಬೇಳೆ, ಹಾಲಿನ ಪ್ರೋಟೀನು ಲೆವೊಡೋಪದ ಜೊತೆ ಪೈಪೋಟಿಗಿಳಿಯುತ್ತದೆ, ಅದಕ್ಕೇ ಈ ಅಂತರ. ನೆಲದ ಮೇಲೆ ಕೂರುವುದಿಲ್ಲ, ನೆಟ್ಟಗೆ ಕುರ್ಚಿ. ಗೋಲಿಗಿಂತ ಚಿಕ್ಕ ತುಣುಕು, ಗದ್ದ ಎದೆಯ ಕಡೆಗೆ ಬಗ್ಗಿಸಿ, ಉಸಿರು ಹಿಡಿದು ನುಂಗಿ, ಮತ್ತೊಮ್ಮೆ ಬರಿದೆ ನುಂಗಿ, ಆಮೇಲೆ ಮುಂದಿನದು. ಟೀವಿ ಇಲ್ಲ, ಮಾತಿಲ್ಲ. ಮಾತಿಲ್ಲದೆ ಉಣ್ಣುವುದು ನನಗೆ ಇನ್ನೂ ಹಿಡಿಸಿಲ್ಲ. ಉಂಡ ಮೇಲೆ ಅರ್ಧ ಗಂಟೆಯಾದರೂ ಮಲಗುವುದಿಲ್ಲ, ರಾತ್ರಿ ಮಂಚದ ತಲೆಭಾಗವನ್ನು ಇಟ್ಟಿಗೆ ಇಟ್ಟು ಎತ್ತರಿಸಿದ್ದೇವೆ. ಎದೆಯಲ್ಲಿ ನಿಲ್ಲುವುದು ಪೂರ್ತಿ ಹೋಗಿಲ್ಲ, ಹುಳಿ ಬಾಯಿಗೆ ಬರುವುದು ಮಾತ್ರ ಕಡಿಮೆಯಾಗಿದೆ.

ಕುಡಿಯುವುದೇ ದೊಡ್ಡ ಪೇಚಾಟ. ಕಾಫಿ, ಮಜ್ಜಿಗೆ, ನೀರು ಎಲ್ಲಕ್ಕೂ ಪುಡಿ ಬೆರೆಸಿ ಮಂದ ಮಾಡಬೇಕೆಂದರು. ಅಳತೆಗೆ ಹತ್ತು ಎಂ.ಎಲ್. ಸಿರಿಂಜು: ತುದಿಗೆ ಬೆರಳಿಟ್ಟು ತುಂಬಿಸಿ, ಬೆರಳು ತೆಗೆದು ಹತ್ತು ಸೆಕೆಂಡ್ ಬಿಟ್ಟು ನೋಡಿದರೆ ನಾಲ್ಕರಿಂದ ಎಂಟು ಎಂ.ಎಲ್. ಉಳಿದಿರಬೇಕು. ಸೊಸೆ ಇದನ್ನು ರಾಗಿ ಅಂಬಲಿಗೆ ಹೊಂದಿಸಿದಳು. ಅಂಬಲಿಯಲ್ಲಿ ಒಂದು ತೊಡಕಿದೆ, ಬಾಯಲ್ಲಿ ಹೆಚ್ಚು ಹೊತ್ತು ಇಟ್ಟುಕೊಂಡರೆ ಜೊಲ್ಲು ಅದರ ಪಿಷ್ಟವನ್ನು ಕರಗಿಸಿ ತೆಳುಮಾಡುತ್ತದೆ. ನನ್ನಂತೆ ಬಾಯಲ್ಲೇ ಇಟ್ಟುಕೊಳ್ಳುವವರು ಎಚ್ಚರವಾಗಿರಬೇಕು. ಮಂದ ಮಾಡಿದ ನೀರನ್ನಂತೂ ನಾನು ಒಪ್ಪಲಿಲ್ಲ. ಬಾಯಾರಿಕೆ ತೀರದೆ ಕುಡಿಯುವುದೇ ಕಡಿಮೆಯಾಗಿ, ಮೊದಲೇ ಇದ್ದ ಮಲಬದ್ಧತೆ ವಿಪರೀತವಾಯಿತು. ಅದನ್ನು ಹೇಳಿದಾಗ ಆ ಹುಡುಗಿ ಬೈಯಲಿಲ್ಲ. 2008ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಗದ್ದ ಬಗ್ಗಿಸಿ ತೆಳು ಪಾನೀಯ ಕುಡಿದವರಿಗೂ ಮಂದ ಪಾನೀಯ ಕುಡಿದವರಿಗೂ ನ್ಯುಮೋನಿಯಾದಲ್ಲಿ ಖಚಿತವಾದ ವ್ಯತ್ಯಾಸ ಸಿಕ್ಕಲಿಲ್ಲ, ಮೈಯ ನೀರು ಕಡಿಮೆಯಾದದ್ದು ಮಾತ್ರ ಮಂದ ಪಾನೀಯದವರಲ್ಲಿ ಹೆಚ್ಚು ಎಂದು ತಿಳಿಸಿ, ಬೇರೆ ದಾರಿ ಹೇಳಿಕೊಟ್ಟಳು. ಊಟದ ಜೊತೆ ನೀರು ಬೇಡ. ಎರಡು ಊಟದ ನಡುವೆ, ಹಲ್ಲು ನಾಲಗೆ ಚೆನ್ನಾಗಿ ಉಜ್ಜಿ ಬಾಯಿ ಶುದ್ಧಮಾಡಿಕೊಂಡು, ಗುಟುಕು ಗುಟುಕಾಗಿ ಸಾದಾ ನೀರು. ಶುದ್ಧ ಬಾಯಿಂದ ಶ್ವಾಸಕೋಶಕ್ಕೆ ಜಾರಿದ ತುಸು ನೀರಿಗಿಂತ, ಕೊಳಕು ಬಾಯಿಯ ಕ್ರಿಮಿಗಳನ್ನು ಹೊತ್ತು ಜಾರುವ ಜೊಲ್ಲು ಅಪಾಯಕರ. ಇದು ಎಲ್ಲರಿಗೂ ಆಗುವ ಕ್ರಮವಲ್ಲ, ನನಗೆ ನೋಡಿ ಹೇಳಿದ್ದು. ಆ ದಿನ ಕುಡಿದ ಸಾದಾ ನೀರಿನ ರುಚಿ ನನಗೆ ಗೊತ್ತು.

ಇಷ್ಟೆಲ್ಲ ಮಾಡಿದರೂ ಕಾಯಿಲೆ ನಿಲ್ಲುವುದಿಲ್ಲ. ಮುಂದೊಂದು ದಿನ ಟ್ಯೂಬಿನ ಮಾತು ಬಂದೇ ಬರುತ್ತದೆ: ಮೂಗಿನ ಟ್ಯೂಬೋ, ಹೊಟ್ಟೆಗೆ ನೇರವಾಗಿ ಹಾಕುವ ಪೆಗ್ ಟ್ಯೂಬೋ. ಟ್ಯೂಬು ಹೊಟ್ಟೆ ತುಂಬಿಸುತ್ತದೆ, ಮಾತ್ರೆ ತಲುಪಿಸುತ್ತದೆ. ಜೊಲ್ಲು ಶ್ವಾಸಕೋಶಕ್ಕೆ ಜಾರುವುದನ್ನು ಅದು ತಡೆಯುವುದಿಲ್ಲ. ಇದು ಗೊತ್ತಾದ ಮೇಲೆ, ಮಾತು ಇರುವಾಗಲೇ ಹೇಳಿಬಿಡಬೇಕು ಎನಿಸಿತು. ಕೊನೆಗಾಲದ ಚಿಕಿತ್ಸೆಯ ಬಗ್ಗೆ ಮುಂಚಿತವಾಗಿ ಬರೆದಿಡುವುದನ್ನು ಸುಪ್ರೀಂ ಕೋರ್ಟು 2018ರಲ್ಲಿ ಒಪ್ಪಿದೆ. 2023ರಲ್ಲಿ ನಿಯಮ ಸರಳವಾಗಿ, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕೆಂದಾಯಿತು. ನಮ್ಮ ರಾಜ್ಯ ಸರ್ಕಾರವೂ 2025ರ ಜನವರಿಯಲ್ಲಿ ಇದಕ್ಕೆ ಆದೇಶ ಹೊರಡಿಸಿತು. ನಾನು ಬರೆಸಿದ್ದು ಇಷ್ಟು: ನ್ಯುಮೋನಿಯಾ ಬಂದು, ಚೇತರಿಸಿಕೊಳ್ಳುವ ಆಸೆ ಇದ್ದರೆ ಟ್ಯೂಬು ಹಾಕಿ. ನನ್ನವರ ಗುರುತೇ ಸಿಗದ ಸ್ಥಿತಿಗೆ ಬಂದು, ಕೊನೆ ಹತ್ತಿರವಾಗಿದ್ದರೆ ಹಾಕಬೇಡಿ. ಬಾಯಿ ಒದ್ದೆ ಮಾಡಿ, ನಾಲಗೆಗೆ ಸ್ವಲ್ಪ ಕಾಫಿಯ ರುಚಿ ಸೋಕಿಸಿ. ಯಾವ ಸ್ಥಿತಿಯಲ್ಲೂ ಲೆವೊಡೋಪ ಏಕಾಏಕಿ ನಿಲ್ಲಿಸಬೇಡಿ.

ನನ್ನ ಪರವಾಗಿ ತೀರ್ಮಾನ ಹೇಳುವವರು ಯಾರು ಎಂಬಲ್ಲಿ ಸೊಸೆಯ ಹೆಸರನ್ನು ಮೊದಲು ಬರೆಸಿದೆ, ಮಗನದು ಆಮೇಲೆ. ಯಜಮಾನರಿಗೆ ಬೇಸರವಾಯಿತು, ಎರಡು ದಿನ ಮಾತಾಡಲಿಲ್ಲ. ನಲವತ್ತು ವರ್ಷದ ಸಂಸಾರದಲ್ಲಿ ಅವರು ನನ್ನ ತಟ್ಟೆಗೆ ಬೇಡ ಎಂದದ್ದಿಲ್ಲ. ಉಣಿಸಬೇಡಿ ಎಂದು ಹೇಳುವ ಕಷ್ಟವನ್ನು ಅವರ ಮೇಲೆ ಹೊರಿಸಲಾರೆ ಎಂದು ಹೇಳಿದ್ದೇನೆ. ಅವರು ಇನ್ನೂ ಒಪ್ಪಿಲ್ಲ. ಆದರೆ ಈಗ ರಾತ್ರಿ ತಮ್ಮ ತಟ್ಟೆ ತಂದು ನನ್ನ ಕುರ್ಚಿಯ ಪಕ್ಕದಲ್ಲೇ ಕೂರುತ್ತಾರೆ, ನಾನು ಎರಡನೆಯ ಸಲ ನುಂಗುವುದನ್ನು ನೋಡಿದ ಮೇಲೆಯೇ ತಮ್ಮ ತುತ್ತು ಮುರಿಯುತ್ತಾರೆ.